ಒಂದೇ ಮೇಕೆ, ಎರಡು ಲೆಕ್ಕ

ಪ್ರಶ್ನೆ: ನನ್ನ ಮೇಕೆಯ ಮರಿ ಎಡ ತೊಟ್ಟನ್ನಷ್ಟೇ ಚೀಪುತ್ತದೆ. ಬಲಭಾಗದ ಹಾಲನ್ನು ನಾನು ದಿನಕ್ಕೊಮ್ಮೆ ಕರೆಯುತ್ತೇನೆ. ಮೂರು ವಾರದಲ್ಲಿ ಎಡಭಾಗ ಕೊಬ್ಬಿದೆ, ಬಲಭಾಗ ಸೊರಗಿದೆ. ತಿನ್ನುವ ಮೇವು ಒಂದೇ, ಹರಿಯುವ ರಕ್ತ ಒಂದೇ. ಹಾಲು ಮಾತ್ರ ಹೀಗೇಕೆ?

ಉತ್ತರ: ಅರ್ಧ ಉತ್ತರವನ್ನು ನೀವೇ ಹೇಳಿಬಿಟ್ಟಿದ್ದೀರಿ. ಹಾಲು ತಯಾರಿಸಲು ಪ್ರೇರಿಸುವ ಪ್ರೋಲ್ಯಾಕ್ಟಿನ್‌ನಂತಹ ಹಾರ್ಮೋನು ರಕ್ತದ ಜೊತೆ ಎರಡೂ ಕಡೆಗೆ ಹೋಗುತ್ತದೆ. ಅದಕ್ಕೆ ಎಡ ಬಲದ ಭೇದವಿಲ್ಲ. ಕೆಚ್ಚಲಿನ ಎರಡು ಭಾಗಗಳಾದರೋ ಅಂಟಿಕೊಂಡಿದ್ದರೂ ಬೇರೆ ಬೇರೆ ಗ್ರಂಥಿಗಳು, ಒಂದರ ಹಾಲು ಇನ್ನೊಂದಕ್ಕೆ ಹರಿಯುವುದಿಲ್ಲ. ಹಾಗಾಗಿ ವ್ಯತ್ಯಾಸದ ಮೂಲವನ್ನು ಒಳಗೆ ಉಳಿದ ಹಾಲಿನಲ್ಲೇ ಹುಡುಕಬೇಕು.

ಪಶುವೈದ್ಯನಾಗಿ ಹೊಸತರಲ್ಲಿ ನಾನು ಇದಕ್ಕೆ ‘ಒತ್ತಡ’ ಎಂಬ ಒಂದೇ ಪದದ ಉತ್ತರ ಕೊಡುತ್ತಿದ್ದೆ. ಹಾಲು ತುಂಬಿ ಬಿಗಿದರೆ ಕೋಶಗಳು ಕೆಲಸ ನಿಲ್ಲಿಸುತ್ತವೆ ಎಂದು. ಕೇಳಿದವರು ತಲೆಯಾಡಿಸುತ್ತಿದ್ದರು, ನಾನು ಪಂಡಿತನಾಗುತ್ತಿದ್ದೆ. ಆ ಪಾಂಡಿತ್ಯವನ್ನು ಇಳಿಸಿದ್ದು ಸ್ಕಾಟ್ಲೆಂಡಿನ ಹನ್ನಾ ಸಂಶೋಧನಾ ಸಂಸ್ಥೆಯ ಹೆಂಡರ್‌ಸನ್ ಮತ್ತು ಪೀಕರ್ 1984ರಲ್ಲಿ ಪ್ರಕಟಿಸಿದ ಪ್ರಯೋಗ. ಅವರು ಮೇಕೆಯ ಕೆಚ್ಚಲಿನಿಂದ ಹಾಲನ್ನು ಪದೇ ಪದೇ ತೆಗೆದು, ತೆಗೆದಷ್ಟೇ ಸಕ್ಕರೆ ದ್ರಾವಣವನ್ನು ಒಳಗೆ ತುಂಬಿದರು. ಬಿಗಿತ ಇದ್ದೇ ಇತ್ತು. ಆದರೂ ಹಾಲು ಹೆಚ್ಚು ಉತ್ಪತ್ತಿಯಾಯಿತು! ಅಂದರೆ ‘ಸಾಕು’ ಎಂದು ಕೋಶಗಳಿಗೆ ಹೇಳುವ ವಸ್ತು ಹಾಲಿನಲ್ಲೇ ಇದೆ.

ಆ ವಸ್ತು ಯಾವುದು? ಮೊದಲು ಒಂದು ಪ್ರೋಟೀನಿನತ್ತ ಬೆರಳು ತೋರಿಸಲಾಯಿತು, ಅದರ ಗುರುತು ಕೊನೆಗೂ ಗಟ್ಟಿಯಾಗಲಿಲ್ಲ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಇಸ್ರೇಲಿನಲ್ಲಿ ಸಿಲಾನಿಕೋವ್ ತಂಡ ಮೇಕೆಗಳಲ್ಲಿ ಕಂಡುಕೊಂಡ ಸಂಗತಿ. ಹಾಲಿನಲ್ಲಿರುವ ಪ್ಲಾಸ್ಮಿನ್ ಎಂಬ ಕಿಣ್ವ ಹಾಲಿನದೇ ಪ್ರೋಟೀನಾದ ಬೀಟಾ ಕ್ಯಾಸೀನನ್ನು ಕತ್ತರಿಸುತ್ತದೆ. ಅದರ ಮೊದಲ 28 ಅಮೈನೋ ಆಮ್ಲಗಳ ತುಣುಕು ಹಾಲು ತಯಾರಿಸುವ ಕೋಶದ ಪೊಟ್ಯಾಸಿಯಂ ದ್ವಾರಗಳನ್ನು ಮುಚ್ಚುತ್ತದೆ, ಸ್ರವಿಕೆ ಇಳಿಯುತ್ತದೆ. ಆ ತುಣುಕನ್ನು ಕೆಚ್ಚಲಿನ ಒಂದು ಭಾಗಕ್ಕೆ ಹಾಕಿದರೆ ಆ ಭಾಗದ ಹಾಲು ಮಾತ್ರ ಕಡಿಮೆಯಾಯಿತು. ಕರುಳಕುಡಿಗೆ ಉಣಿಸಲೆಂದು ಹುಟ್ಟಿದ ಕ್ಯಾಸೀನೇ ತುಂಡಾದ ಮೇಲೆ ಉಣಿಸುವ ಕೆಲಸಕ್ಕೆ ತಡೆಯೊಡ್ಡುವುದು ನನಗೆ ಈಗಲೂ ಸೋಜಿಗ. ಇಲಿ ಮತ್ತು ಹಸುಗಳಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಕೂಡ ಇದೇ ಬಗೆಯ ಕೆಲಸ ಮಾಡುತ್ತದೆ. ಕೆಚ್ಚಲಿನ ಕೋಶಗಳೇ ಅದನ್ನು ತಯಾರಿಸುತ್ತವೆ, ಹಾಲು ನಿಂತಷ್ಟೂ ಅದು ಸೇರುತ್ತ ಹೋಗುತ್ತದೆ.

ಮೇಕೆಯ ಹಾಲಿನ ಬಹುಪಾಲು ತೊಟ್ಟಿನ ಮೇಲಿನ ದೊಡ್ಡ ಕುಹರಕ್ಕೆ ಇಳಿದು ನಿಲ್ಲುವುದರಿಂದ ಹಾಲು ತಯಾರಿಸುವ ಕೋಶಗಳಿಂದ ದೂರವಿರುತ್ತದೆ. ದಿನಕ್ಕೊಮ್ಮೆ ಕರೆಯುವುದನ್ನು ಹಸುವಿಗಿಂತ ಮೇಕೆ ಹೆಚ್ಚು ಸಹಿಸುವುದು ಅದಕ್ಕೇ. ಸಹಿಸುತ್ತದೆ ಎಂದೆ, ಮೆಚ್ಚುತ್ತದೆ ಎನ್ನಲಿಲ್ಲ.

ಈಗ ನಿಮ್ಮ ಕೆಲಸ. ಮೊದಲು ಬಲಭಾಗವನ್ನು ಮುಟ್ಟಿ ನೋಡಿ. ಬಿಸಿ, ಗಂಟು, ನೋವು ಅಥವಾ ಹಾಲಿನಲ್ಲಿ ಚೂರುಗಳು ಕಂಡರೆ ಅದು ಕೆಚ್ಚಲುಬಾವು; ನನ್ನ ಅಂಕಣ ಬಿಟ್ಟು ಹತ್ತಿರದ ಪಶುವೈದ್ಯರಿಗೆ ತೋರಿಸಿ. ಏನೂ ಇಲ್ಲದಿದ್ದರೆ ಬಲಭಾಗವನ್ನು ದಿನಕ್ಕೆ ಮೂರು ಸಲ, ಪೂರ್ತಿ ಖಾಲಿಯಾಗುವಂತೆ ಕರೆಯಿರಿ. ತಡಮಾಡಬೇಡಿ. ಕೋಶಗಳು ಮಂದವಾಗಿದ್ದರೆ ಚೇತರಿಸಿಕೊಳ್ಳುತ್ತವೆ, ಸತ್ತರೆ ಮುಂದಿನ ಹೆರಿಗೆಯವರೆಗೆ ಕಾಯಬೇಕು. ಎಡಭಾಗದ ಗೋಜಿಗೆ ಹೋಗಬೇಡಿ, ಅಲ್ಲಿ ಮರಿ ನಿಮಗಿಂತ ಚೆನ್ನಾಗಿ ಕರೆಯುತ್ತಿದೆ.