ಓದುಗರ ಪ್ರಶ್ನೆ: ಅಂಗಳದ ಓಕ್ ಮರವೂ ಕಾಳ್ಗಿಚ್ಚಿನ ನಿಯಮವೂ

ಪ್ರಶ್ನೆ: ಕ್ಯಾಲಿಫೋರ್ನಿಯಾದ ಗುಡ್ಡದಂಚಿನ ಊರೊಂದರಲ್ಲಿ ನಾವು ಮನೆ ಕೊಂಡಿದ್ದೇವೆ. ಗೋಡೆಗೆ ಮೂರು ಅಡಿ ದೂರದಲ್ಲಿ ಹಳೆಯ ಓಕ್ ಮರವಿದೆ. ಅದು ಸಂರಕ್ಷಿತ ಮರ, ಪರವಾನಗಿಯಿಲ್ಲದೆ ಮುಟ್ಟುವಂತಿಲ್ಲ ಎನ್ನುತ್ತದೆ ನಗರಾಡಳಿತ. ಮನೆಯ ಸುತ್ತ ತೆರವು ಮಾಡಿ ಎನ್ನುತ್ತದೆ ಅಗ್ನಿಶಾಮಕ ಇಲಾಖೆ. ಮರಗಳ ನಿಯಮದ ಪರಿಷ್ಕರಣೆಗೆ ನಗರಸಭೆ ಈಗ ಅಭಿಪ್ರಾಯ ಕೇಳಿದೆ. ನಾವು ಏನು ಬರೆಯಬೇಕು?

ಉತ್ತರ: ಎರಡು ಇಲಾಖೆಗಳ ಮಾತು ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಕಾನೂನಿನಲ್ಲಿ ಅಷ್ಟೊಂದು ವಿರೋಧವಿಲ್ಲ. ಕಾಳ್ಗಿಚ್ಚಿನ ಅತಿ ಹೆಚ್ಚು ಅಪಾಯದ ವಲಯವೆಂದು ಗುರುತಿಸಿದ ನಗರ ಪ್ರದೇಶಗಳಿಗೆ ಅನ್ವಯಿಸುವ ರಾಜ್ಯದ ಸರ್ಕಾರಿ ಸಂಹಿತೆಯ 51182ನೆಯ ಸೆಕ್ಷನ್, ಮನೆಯಿಂದ 100 ಅಡಿಯವರೆಗೆ, ಜಾಗ ಅದಕ್ಕಿಂತ ಕಿರಿದಾಗಿದ್ದರೆ ನಿಮ್ಮ ಗಡಿಯವರೆಗೆ, ಉರಿಯಬಲ್ಲ ಗಿಡಗಂಟಿಯನ್ನು ಹತೋಟಿಯಲ್ಲಿಡಬೇಕೆಂದು ವಿಧಿಸುತ್ತದೆ. ಆದರೆ ಬಿಡಿಯಾಗಿ ನಿಂತ, ಕೊಂಬೆ ಸವರಿ ಚೆನ್ನಾಗಿ ನೋಡಿಕೊಂಡ ಮರಕ್ಕೆ ಅದೇ ಸೆಕ್ಷನ್ ವಿನಾಯಿತಿಯನ್ನೂ ಕೊಡುತ್ತದೆ. ಅದು ಖಚಿತವಾಗಿ ಕೇಳುವುದು ಇಷ್ಟು: ಹೊಗೆಕೊಳವೆಯ ಬಾಯಿಯಿಂದ 10 ಅಡಿಯೊಳಗೆ ಚಾಚಿದ ಕೊಂಬೆ ಇರಬಾರದು, ಮನೆಯ ಮೇಲೆ ಬಾಗಿದ ಮರದಲ್ಲಿ ಒಣಗಿದ ರೆಂಬೆ ಇರಬಾರದು, ಮಾಡಿನ ಮೇಲೆ ತರಗೆಲೆ ಕೂಡಿರಬಾರದು.

ನಿಜವಾದ ತೊಡಕಿರುವುದು ಗೋಡೆಗೆ ಅಂಟಿದ ಮೊದಲ 5 ಅಡಿಯಲ್ಲಿ, ನಿಮ್ಮ ಮರವೂ ಅಲ್ಲಿಯೇ ಇದೆ. ಈ 5 ಅಡಿ ಜಾಗದಲ್ಲಿ ಕಿಡಿಗೆ ಹೊತ್ತಿಕೊಳ್ಳುವಂಥದ್ದು ಇರಬಾರದೆಂಬ ಕಾನೂನು 2020ರಲ್ಲೇ ಬಂದಿತಾದರೂ ನಿಯಮಗಳ ರಚನೆ ವರ್ಷಗಟ್ಟಲೆ ಎಳೆಯಿತು. 2025ರ ಜನವರಿಯಲ್ಲಿ ಪ್ಯಾಲಿಸೇಡ್ಸ್ ಮತ್ತು ಈಟನ್ ಬೆಂಕಿಗಳು ಲಾಸ್ ಏಂಜಲೀಸ್ ಸುತ್ತಮುತ್ತ ಸಾವಿರಾರು ಮನೆಗಳನ್ನು ಸುಟ್ಟ ಮೇಲೆ, ಫೆಬ್ರವರಿಯಲ್ಲಿ ರಾಜ್ಯಪಾಲರು ನಿಯಮಗಳ ರಚನೆಯನ್ನು ಆ ವರ್ಷವೇ ಮುಗಿಸುವಂತೆ ಆದೇಶಿಸಿದರು. ಇಂಥ ಬೆಂಕಿಯಲ್ಲಿ ಗಾಳಿ ಹೊತ್ತು ತರುವ ಕಿಡಿಗಳಿಂದಲೇ ಬಹಳಷ್ಟು ಮನೆಗಳು ಹೊತ್ತಿಕೊಳ್ಳುತ್ತವೆ. ಆದ್ದರಿಂದ ದಪ್ಪ ತೊಗಟೆಯ ಹಸಿ ಓಕ್‌ಗಿಂತ, ಮಾಡಿನಂಚಿನ ನೀರುದೋಣಿಯಲ್ಲಿ ತುಂಬಿದ ಅದರ ಒಣ ಎಲೆ, ಬುಡದಲ್ಲಿ ಹರಡಿದ ಮರದ ಚಕ್ಕೆ, ಗೋಡೆಗೆ ತಾಗಿದ ಮರದ ಬೇಲಿ ಇವೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ.

ನಗರಸಭೆಗೆ ಬರೆಯುವಾಗ ಸವರುವುದನ್ನೂ ಕಡಿಯುವುದನ್ನೂ ಬೇರೆಬೇರೆಯಾಗಿ ಕಾಣುವಂತೆ ಕೇಳಿ. ಲಾಸ್ ಏಂಜಲೀಸ್ ನಗರದಲ್ಲಿ ನೆಲದಿಂದ 4.5 ಅಡಿ ಎತ್ತರದಲ್ಲಿ 4 ಇಂಚು ವ್ಯಾಸವಿರುವ ಸ್ಥಳೀಯ ಓಕ್ ಕೂಡ ಸಂರಕ್ಷಿತವೇ. ಇಷ್ಟು ಬಿಗಿಯಾದ ನಿಯಮವಿರುವಲ್ಲಿ, ಅಗ್ನಿಸುರಕ್ಷತೆಗಾಗಿ ಒಣ ರೆಂಬೆ ತೆಗೆಯುವುದಕ್ಕೂ ಪರವಾನಗಿ, ಶುಲ್ಕ ಎಂದರೆ ಜನರು ಆ ಕೆಲಸವನ್ನೇ ಮುಂದೂಡುತ್ತಾರೆ. ಅದಕ್ಕೆ ನೇರ ವಿನಾಯಿತಿ ಬೇಕು. ಇಡೀ ಮರ ಕಡಿಯಲು ಮಾತ್ರ ಮರತಜ್ಞರ ವರದಿ ಮತ್ತು ಅಗ್ನಿ ತಪಾಸಕರ ಲಿಖಿತ ಕಾರಣ ಎರಡೂ ಕಡ್ಡಾಯವಾಗಿರಲಿ, ಏಕೆಂದರೆ ಕಿಟಕಿಯಿಂದ ದೂರದ ನೋಟ ಮರದ ಅಡ್ಡಿಯಿಲ್ಲದೆ ಕಾಣಬೇಕೆಂದು ಬಯಸುವವರಿಗೂ ಬೆಂಕಿಯ ಭಯ ಒಳ್ಳೆಯ ನೆಪವಾಗುತ್ತದೆ. ಹಕ್ಕಿ ಗೂಡು ಕಟ್ಟುವ ಕಾಲದಲ್ಲಿ ಸವರುವ ಮುನ್ನ ಗೂಡುಗಳನ್ನು ಪರಿಶೀಲಿಸಬೇಕೆಂಬ ಮಾತನ್ನೂ ಸೇರಿಸಿ.

ಬದಲಿ ಸಸಿಯ ಷರತ್ತನ್ನೂ ಗಮನಿಸಿ. ಕಡಿದ ಮರಕ್ಕೆ ಬದಲಾಗಿ ಅದೇ ನಿವೇಶನದಲ್ಲಿ ಸಸಿ ನೆಡಬೇಕೆಂದು ನಿಯಮವು ಒತ್ತಾಯಿಸಿದರೆ, ಸಣ್ಣ ಅಂಗಳದಲ್ಲಿ ಅದು ಮತ್ತೆ ಗೋಡೆಯ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಉದ್ಯಾನದಲ್ಲೋ ಬೀದಿಬದಿಯಲ್ಲೋ ನೆಡಲು ಅವಕಾಶ ಕೊಡಬೇಕೆಂದು ಕೇಳಿ.