ಕಡಿಮೆ ನೀರಲ್ಲಿ ಆಫೀಸ್ ಕಾರ್ಪೆಟ್ ಕ್ಲೀನ್ ಮಾಡೋಕೆ ಯಾವ ಮಷೀನ್ ತಗೊಳ್ಳಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ವೇಮಗಲ್ ಕಡೆ ನಿಮಗೆ ಹೌಸ್‌ಕೀಪಿಂಗ್ ಕಾಂಟ್ರಾಕ್ಟ್ ಇದೆ. ಒಂದು ಆಫೀಸಿನವರು 6000 ಚದರಡಿ ಕಾರ್ಪೆಟ್ ಟೈಲನ್ನೂ (ಚೌಕ ತುಂಡುಗಳಾಗಿ ಜೋಡಿಸುವ ಕಾರ್ಪೆಟ್) ನೀವೇ ಕ್ಲೀನ್ ಮಾಡಿ ಅಂದಿದ್ದಾರೆ. ಶನಿವಾರ ರಾತ್ರಿ ಕೈ ಹಚ್ಚಿದರೆ ಸೋಮವಾರ ಬೆಳಿಗ್ಗೆಗೆ ಪೂರ್ತಿ ಒಣಗಿರಬೇಕು. ಕೈಯಲ್ಲಿ ಒಂದೂವರೆ ಲಕ್ಷ ಇದೆ. ಮೂರು ಡೀಲರ್‌ಗಳು ಮೂರು ಥರದ ಮಷೀನ್ ತೋರಿಸಿ ತಲೆ ಕೆಡಿಸಿದ್ದಾರೆ.

ನಾನು ಕೋಲಾರದವನು. ನರಸಾಪುರ, ಮಾಲೂರು ಕಡೆ ಇದೇ ಕೆಲಸ ಮಾಡುತ್ತೇನೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ದುಡ್ಡಿನಲ್ಲಿ ಮೊದಲ ಪಾಲು ಒಳ್ಳೆ ವ್ಯಾಕ್ಯೂಮ್‌ಗೆ ಇಡಿ. ಉಳಿದಿದ್ದರಲ್ಲಿ 17 ಇಂಚಿನ, ನಿಧಾನವಾಗಿ ತಿರುಗುವ ಸಿಂಗಲ್ ಡಿಸ್ಕ್ ಮಷೀನ್ ತಗೊಳ್ಳಿ. ಡೀಲರ್ ಎಷ್ಟು ಹೊಗಳಿದರೂ ನೀರು ಬಿಟ್ಟು ಎಳೆಯುವ ಎಕ್ಸ್‌ಟ್ರಾಕ್ಷನ್ ಮಷೀನನ್ನು ಈಗಲೇ ತಗೊಳ್ಳಬೇಡಿ.

ಯಾಕೆ ಅಂದರೆ ನಾನು ಅದನ್ನೇ ಮೊದಲು ತಗೊಂಡೆ. ಸೆಕೆಂಡ್ ಹ್ಯಾಂಡ್, ಅಗ್ಗಕ್ಕೆ ಸಿಕ್ಕಿತು. ಒಂದು ಕಂಪನಿಯ ಆಡಳಿತ ವಿಭಾಗದಲ್ಲಿ ಶನಿವಾರ ಸಂಜೆ ಶುರು ಮಾಡಿದೆವು. ಟ್ಯಾಂಕಿಗೆ ಬರುತ್ತಿದ್ದ ಕಪ್ಪು ನೀರು ನೋಡಿ ನನಗೆ ಖುಷಿಯೋ ಖುಷಿ. ಭಾನುವಾರ ಆಫೀಸಿನಲ್ಲಿ ಏಸಿ ಆಫ್, ಕಿಟಕಿ ತೆಗೆಯುವ ಹಾಗಿಲ್ಲ, ಮೇಲೆ ಅಕ್ಟೋಬರ್ ಮಳೆ. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ನೆನೆದ ಗೋಣಿಚೀಲದ ವಾಸನೆ. ನಡೆದರೆ ಶೂ ಕೆಳಗೆ ಪಚಪಚ. ಕೆಲವು ಟೈಲ್‌ಗಳ ಮೂಲೆ ಎದ್ದಿದ್ದವು. ನಮ್ಮ ಬಿಲ್ಲಿನಲ್ಲಿ ಅರ್ಧ ಕಟ್ ಮಾಡಿದರು. ತಪ್ಪು ನನ್ನದೇ, ಮಾತಾಡುವ ಹಾಗಿರಲಿಲ್ಲ.

ಅದಕ್ಕಿಂತ ಬೇಜಾರಿನ ವಿಷಯ ಬುಧವಾರ ಕಂಡಿತು. ಹೋಗಿದ್ದ ಕಲೆಗಳು ಮತ್ತೆ ಮೇಲೆ ಬಂದಿದ್ದವು. ಕಾರ್ಪೆಟ್ ಅಡಿಯವರೆಗೂ ನೆನೆದರೆ, ಅದು ಆರುವಾಗ ಅಡಿಯ ಕೊಳೆಯೂ ನೀರಿನ ಜೊತೆ ದಾರದ ತುದಿಗೆ ಏರುತ್ತದೆ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ. ಇನ್ನೂ ಒಂದು ಮಾತು. ನಿಮ್ಮ ಆಫೀಸಿನಲ್ಲಿ ನೆಲದೊಳಗಿನಿಂದ ಪ್ಲಗ್ ಪಾಯಿಂಟ್ ಬಂದಿದೆಯಾ ನೋಡಿ. ಹಾಗಿದ್ದರೆ ಟೈಲ್ ಕೆಳಗೆ ಟೊಳ್ಳು ನೆಲ ಇರಬಹುದು, ಅದರೊಳಗೆ ವೈರುಗಳು. ಅಲ್ಲಿಗೆ ನೀರು ಇಳಿಸುವುದು ಹುಡುಗಾಟವಲ್ಲ.

ಇನ್ನು ಕಡಿಮೆ ನೀರಿನ ವಿಧಾನ. ಇದರಲ್ಲಿ ಕೆಲಸದ ಅರ್ಧ ಮಷೀನಿನದು, ಅರ್ಧ ಕೆಮಿಕಲ್‌ನದು. ಎನ್‌ಕ್ಯಾಪ್ ಕೆಮಿಕಲ್ ಅಂತ ಕೇಳಿ. ಅದು ಕೊಳೆಯನ್ನು ಸುತ್ತುವರಿದು, ಒಣಗಿದ ಮೇಲೆ ಸಕ್ಕರೆ ಹರಳಿನ ಹಾಗೆ ಗರಿಗರಿ ಆಗುತ್ತದೆ. ಆಮೇಲೆ ವ್ಯಾಕ್ಯೂಮ್ ಹಾಕಿದಾಗ ಪುಡಿಯಾಗಿ ಬರುತ್ತದೆ. ಸಾಮಾನ್ಯ ಶಾಂಪೂ ಹಾಕಿದರೆ ಅಂಟು ಉಳಿಯುತ್ತದೆ, ಆ ಅಂಟಿಗೆ ಬೇಗನೆ ಮತ್ತೆ ಕೊಳೆ ಹಿಡಿಯುತ್ತದೆ.

ಕೆಮಿಕಲ್ ಅಸಲಿಯಾ ನಕಲಿಯಾ ಅಂತ ಮನೆಯಲ್ಲೇ ನೋಡಬಹುದು. ಗಾಜಿನ ತಟ್ಟೆಗೆ ಒಂದು ಚಮಚ ಹಾಕಿ, ಕಿಟಕಿ ಹತ್ತಿರ ಒಂದೆರಡು ದಿನ ಬಿಡಿ. ಪೂರ್ತಿ ಒಣಗಿದ ಮೇಲೆ ಉಗುರಿನಲ್ಲಿ ಕೆರೆಯಿರಿ. ಚಕ್ಕೆ ಚಕ್ಕೆಯಾಗಿ ಎದ್ದರೆ ತಗೊಳ್ಳಿ. ಬೆಲ್ಲದ ಪಾಕದ ಹಾಗೆ ಬೆರಳಿಗೆ ಅಂಟಿದರೆ ವಾಪಸ್ ಕೊಡಿ. ನಾನು ಹೀಗೆ ನಾಲ್ಕು ಡಬ್ಬ ನೋಡಿದ್ದೆ, ಎರಡು ಅಂಟಿದವು. ಅವೆರಡರ ಮೇಲೂ ಎನ್‌ಕ್ಯಾಪ್ ಅಂತಲೇ ಬರೆದಿತ್ತು.

ಈಗ ಮಷೀನ್. ಡೀಲರ್‌ಗಳು ನಿಮಗೆ ತೋರಿಸಿರುವುದು ಹೆಚ್ಚುಕಡಿಮೆ ಇವೇ ಇರಬೇಕು.

ಸಿಂಗಲ್ ಡಿಸ್ಕ್ ನಿಮಗೆ ಗೊತ್ತೇ ಇರುತ್ತದೆ, ಗ್ರಾನೈಟ್ ಉಜ್ಜುವ ಅದೇ ಮಷೀನ್. ನಿಮಿಷಕ್ಕೆ 150ರಿಂದ 180 ಸುತ್ತು ತಿರುಗುವುದೇ ಬೇಕು. ಸಾವಿರಕ್ಕೂ ಜಾಸ್ತಿ ಸುತ್ತಿನ ಪಾಲಿಶ್ ಮಷೀನನ್ನು ಕಾರ್ಪೆಟ್ ಮೇಲೆ ಇಟ್ಟರೆ ದಾರ ಸುಟ್ಟುಹೋಗುತ್ತದೆ. ಕೆಳಗೆ ಮೈಕ್ರೋಫೈಬರ್ ಅಥವಾ ಹತ್ತಿಯ ಪ್ಯಾಡ್ ಹಾಕಿ, ಮುಂದೆ ಮುಂದೆ ಕೆಮಿಕಲ್ ಸ್ಪ್ರೇ ಮಾಡುತ್ತಾ ಹೋಗುವುದು. ಲೂಪ್, ಅಂದರೆ ದಾರ ಕತ್ತರಿಸದೆ ಕುಣಿಕೆಯಾಗಿಯೇ ಇರುವ ಆಫೀಸ್ ಟೈಲ್‌ಗೆ ಧಾರಾಳವಾಗಿ ಸಾಕು. ಕೊಯಮತ್ತೂರಿನ ರೂಟ್ಸ್, ಜರ್ಮನಿಯ ಕಾರ್ಶರ್ ಇಂಥವರ ಮಷೀನ್‌ಗಳಿಗೆ ಬೆಂಗಳೂರಿನಲ್ಲೇ ಡೀಲರ್ ಇದ್ದಾರೆ. ದೊಡ್ಡ ಲಾಭ ಏನು ಅಂದರೆ, ಕಾರ್ಪೆಟ್ ಕೆಲಸ ಇಲ್ಲದ ದಿನ ಇದೇ ಮಷೀನ್ ಕ್ಯಾಂಟೀನ್ ನೆಲ ಉಜ್ಜಿ ದುಡಿಯುತ್ತದೆ. ಸುಮ್ನೆ ಗೋಡೌನಿನಲ್ಲಿ ಕೂರುವುದಿಲ್ಲ.

ಕಷ್ಟ ಇರುವುದು ಹಿಡಿತದಲ್ಲಿ. ಹ್ಯಾಂಡಲ್ ಸ್ವಲ್ಪ ಎತ್ತಿದರೆ ಮಷೀನ್ ಬಲಕ್ಕೆ ಹೋಗುತ್ತದೆ, ಇಳಿಸಿದರೆ ಎಡಕ್ಕೆ. ಇದು ಗೊತ್ತಿಲ್ಲದವನು ತೋಳಿನ ಬಲದಲ್ಲಿ ಎಳೆದಾಡುತ್ತಾನೆ. ನಮ್ಮ ಹುಡುಗನೊಬ್ಬ ಮೊದಲ ದಿನ ಗೂಳಿ ಹಿಡಿದವನ ಹಾಗೆ ಮಷೀನ್ ಹಿಂದೆ ಓಡಿ ಒಂದು ಕಸದಬುಟ್ಟಿ ಮುರಿದ. ಮಾರನೇ ದಿನ ಹೊಟ್ಟೆ ಮಟ್ಟಕ್ಕೆ ಹ್ಯಾಂಡಲ್ ಇಟ್ಟುಕೊಂಡು ಎರಡು ಬೆರಳಲ್ಲಿ ಓಡಿಸುತ್ತಿದ್ದ.

ಎರಡನೆಯದು ಜೋಡಿ ಬ್ರಷ್ ಮಷೀನ್. ಎರಡು ಉದ್ದ ಉರುಳೆ ಬ್ರಷ್‌ಗಳು ಒಂದಕ್ಕೊಂದು ಎದುರು ತಿರುಗುತ್ತವೆ. ಮಲಗಿದ ದಾರವನ್ನು ಎಬ್ಬಿಸಿ ಬುಡದ ಕಸ ತೆಗೆಯುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ನಾನು ಕಳೆದ ವರ್ಷ ತಗೊಂಡೆ. ಎರಡು ಸಲ ವ್ಯಾಕ್ಯೂಮ್ ಮಾಡಿದ್ದ ಜಾಗದಲ್ಲೇ ಒಣದಾಗಿ ಓಡಿಸಿದೆ. ಟ್ರೇ ತೆಗೆದರೆ ಕೂದಲು, ಸ್ಟೇಪಲ್ ಪಿನ್ನು, ಕಡಲೆಕಾಯಿ ಸಿಪ್ಪೆ, ಅದರ ಅಡಿಯಲ್ಲಿ ರಾಗಿ ಹಿಟ್ಟಿನಷ್ಟು ನಯವಾದ ಕೆಮ್ಮಣ್ಣು. ನೀರು ಹಾಕಿದ್ದರೆ ಮುದ್ದೆಯೇ ಕಟ್ಟಬಹುದಿತ್ತು. ನಮ್ಮ ಕಡೆ ಧೂಳಿಗೆ ಇದು ಹೇಳಿ ಮಾಡಿಸಿದ ಮಷೀನ್, ಒಪ್ಪುತ್ತೇನೆ. ಆದರೆ ಇದರಿಂದ ಬೇರೆ ಕೆಲಸ ಕಡಿಮೆ. ನಿಮ್ಮ ಆದಾಯದಲ್ಲಿ ಅರ್ಧದಷ್ಟಾದರೂ ಕಾರ್ಪೆಟ್‌ನಿಂದ ಬರುವ ಕಾಲಕ್ಕೆ ತಗೊಳ್ಳಿ. ತಗೊಳ್ಳುವಾಗ ಬೆಲ್ಟು, ಬ್ರಷ್ ಬಿಡಿಯಾಗಿ ಸಿಗುತ್ತವಾ ಅಂತ ಮೊದಲೇ ಕೇಳಿ.

ಮೂರನೆಯದು ಆರ್ಬಿಟಲ್. ಪ್ಯಾಡ್ ಸುತ್ತುವುದಿಲ್ಲ, ಚಿಕ್ಕ ಚಿಕ್ಕ ವೃತ್ತದಲ್ಲಿ ಬೇಗ ಬೇಗ ಅಲುಗುತ್ತದೆ. ಹೊಸಬರ ಕೈಗೆ ಸುಲಭ, ಕಾರ್ಪೆಟ್‌ಗೂ ಹಿತ. ಬೆಲೆ ಜಾಸ್ತಿ. ಕೆಟ್ಟರೆ ನಮ್ಮ ಊರಲ್ಲಿ ಬಿಚ್ಚಿ ನೋಡುವವರೂ ಇಲ್ಲ. ಸದ್ಯಕ್ಕೆ ಬಿಡಿ.

ಇಂಪೋರ್ಟೆಡ್ ಮಾಲು ಅಗ್ಗಕ್ಕೆ ಸಿಕ್ಕಿತು ಅಂತ ಯಾರಾದರೂ ತಂದರೆ ಪ್ಲೇಟ್ ಓದಿ. ಅಮೆರಿಕದ್ದು 120 ವೋಲ್ಟ್, 60 ಹರ್ಟ್ಸ್ ಇರುತ್ತದೆ. ನಮ್ಮದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಇಳಿಯುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ಅಂಥ ಇಂಡಕ್ಷನ್ ಮೋಟಾರ್ ಇಲ್ಲಿ ನಿಧಾನವಾಗಿ ತಿರುಗುತ್ತದೆ, ಬಿಸಿಯಾಗುತ್ತದೆ.

ಕರೆಂಟ್ ಬಗ್ಗೆ ಇನ್ನೊಂದು. ಒಂದೂವರೆ ಎಚ್‌ಪಿ ಮೋಟಾರ್ ಸ್ಟಾರ್ಟ್ ಆಗುವಾಗ ಒಂದೇ ಸಲ ಜಾಸ್ತಿ ಕರೆಂಟ್ ಎಳೆಯುತ್ತದೆ. 16 ಆಂಪ್ಸ್ ಪಾಯಿಂಟ್ ಎಲ್ಲಿದೆ ಅಂತ ಹಗಲಲ್ಲೇ ಹೋಗಿ ನೋಡಿ ಬನ್ನಿ. ಟೇಬಲ್ ಕೆಳಗಿನ ಯುಪಿಎಸ್ ಪಾಯಿಂಟ್‌ಗೆ ಹುಡುಗರು ಪ್ಲಗ್ ಚುಚ್ಚದ ಹಾಗೆ ನೋಡಿಕೊಳ್ಳಿ. ನಮ್ಮವನೊಬ್ಬ ಚುಚ್ಚಿದ. ಆ ಸಾಲಿನ ಕಂಪ್ಯೂಟರ್‌ಗಳೆಲ್ಲ ಒಟ್ಟಿಗೆ ಆಫ್ ಆದವು. ರಾತ್ರಿ ಹನ್ನೊಂದಕ್ಕೆ ಅವರ ಐಟಿಯವರಿಗೆ ಫೋನ್ ಮಾಡಿದ ಸಂಕಟ ನನಗೇ ಗೊತ್ತು.

ವ್ಯಾಕ್ಯೂಮ್‌ಗೆ ಯಾಕೆ ಅಷ್ಟು ಒತ್ತು ಅಂತ ಕೇಳಬಹುದು. ಕಾರ್ಪೆಟ್‌ನಲ್ಲಿ ಇರುವುದು ಬಹುಪಾಲು ಒಣ ಧೂಳೇ. ಅದು ಇರುವಾಗಲೇ ಒದ್ದೆ ಮಾಡಿದರೆ ಕೆಸರಾಗುತ್ತದೆ, ಪ್ಯಾಡ್ ಕೆಸರನ್ನೇ ಬಳಿಯುತ್ತದೆ. ನಮ್ಮಲ್ಲಿ ಎಲ್ಲರ ಹತ್ತಿರ ಇರುವುದು ಡ್ರಮ್ಮಿನಂಥ ವೆಟ್ ಅಂಡ್ ಡ್ರೈ ವ್ಯಾಕ್ಯೂಮ್. ಅದರ ಬಾಯಲ್ಲಿ ತಿರುಗುವ ಬ್ರಷ್ ಇರುವುದಿಲ್ಲ. ಮೇಲಿನ ಕಸ ಹೀರುತ್ತದೆ, ಬುಡದ ಮಣ್ಣು ಅಲ್ಲೇ ಕೂರುತ್ತದೆ. ತಿರುಗುವ ಬ್ರಷ್ ಇರುವ, ನಿಂತುಕೊಂಡು ತಳ್ಳುವ ವ್ಯಾಕ್ಯೂಮ್ ತಗೊಳ್ಳಿ. ನಿಮ್ಮ ಒಂದೂವರೆ ಲಕ್ಷದಲ್ಲಿ ಮೂರನೇ ಒಂದು ಪಾಲು ಇದಕ್ಕೆ ಹೋದರೂ ಪರವಾಗಿಲ್ಲ. ಶುರುವಿಗೆ ಒಂದು ಸಲ, ಪೂರ್ತಿ ಒಣಗಿದ ಮೇಲೆ ಇನ್ನೊಂದು ಸಲ. ಎರಡನೇ ಸಲದ್ದನ್ನು ಬಿಟ್ಟರೆ ಎನ್‌ಕ್ಯಾಪ್ ಹಾಕಿಯೂ ವ್ಯರ್ಥ.

ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನ ಕಥೆ ನಿಮಗೂ ಗೊತ್ತಲ್ವಾ. ಗಡಸು ನೀರು. ಬಕೆಟ್ ಅಂಚಿನಲ್ಲಿ ಬಿಳಿ ಕಟ್ಟುತ್ತದೆ. ಅದರಲ್ಲಿ ಕಲಸಿದರೆ ಕೆಮಿಕಲ್ ಅರ್ಧಂಬರ್ಧ ಕೆಲಸ ಮಾಡುತ್ತದೆ, ಸ್ಪ್ರೇಯರ್ ನಾಝಲ್ ಕಟ್ಟಿಕೊಳ್ಳುತ್ತದೆ. ಆದರೆ ಈ ವಿಧಾನಕ್ಕೆ ಬೇಕಾಗಿರುವುದು ನನ್ನ ಲೆಕ್ಕದಲ್ಲಿ ನೂರು ಚದರಡಿಗೆ ಸುಮಾರು ಒಂದು ಲೀಟರ್. ನಿಮ್ಮ 6000 ಚದರಡಿಗೆ 60 ಲೀಟರ್, ಅಂದರೆ 20 ಲೀಟರಿನ ಮೂರು ಕ್ಯಾನ್. ನಾನು ನಮ್ಮ ಬೀದಿಯ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ಕಾಯಿನ್ ಹಾಕಿ ಹಿಡಿಯುತ್ತೇನೆ. ಹದಿನೈದು ರೂಪಾಯಿಗೆ ನೀರಿನ ತಲೆನೋವು ಮುಗಿಯಿತು.

ಟೈಮ್ ಲೆಕ್ಕ ಹೇಳುತ್ತೇನೆ. ಕುರ್ಚಿ ಸರಿಸಿಕೊಂಡು, ಪ್ಯಾಡ್ ಬದಲಿಸಿಕೊಂಡು ನಮ್ಮ ಹುಡುಗರು ಗಂಟೆಗೆ ಸಾವಿರ ಚದರಡಿ ಮುಗಿಸುತ್ತಾರೆ. ಡೀಲರ್ ಹೇಳುವ ಮೂರು ಸಾವಿರ ಖಾಲಿ ಹಾಲ್‌ನ ಲೆಕ್ಕ, ನಂಬಬೇಡಿ. ಶನಿವಾರ ರಾತ್ರಿ ಎಂಟಕ್ಕೆ ವ್ಯಾಕ್ಯೂಮ್ ಶುರುವಾದರೆ ಬೆಳಗಿನ ಜಾವಕ್ಕೆ ಮುಗಿಯುತ್ತದೆ. ಗಾಳಿ ಆಡುತ್ತಿದ್ದರೆ ಒಂದೆರಡು ಗಂಟೆಯಲ್ಲಿ ಆರುತ್ತದೆ. ಏಸಿಯ ಫ್ಯಾನ್ ಮಾತ್ರ ಆನ್ ಇಡಿ ಅಂತ ಅವರ ಫೆಸಿಲಿಟಿಯವರಿಗೆ ಶುಕ್ರವಾರವೇ ಹೇಳಿ.

ಇದರಲ್ಲಿ ಎಲ್ಲವೂ ಹೋಗುತ್ತದೆ ಅಂತ ಮಾತು ಕೊಡಬೇಡಿ. ಸಾಂಬಾರ್ ಚೆಲ್ಲಿ ಅಡಿಗೆ ಇಳಿದಿದ್ದರೆ ಆ ಟೈಲನ್ನೇ ಕಿತ್ತು ಹೊರಗೆ ತೊಳೆದು ಒಣಗಿಸಿ ಹಾಕಬೇಕು. ಡೈರೆಕ್ಟರ್ ಕ್ಯಾಬಿನ್‌ನಲ್ಲಿ ಮೆತ್ತನೆಯ ಕಾರ್ಪೆಟ್ ಇದ್ದರೆ ಅಂಚಿನಿಂದ ಒಂದು ಎಳೆ ತಂದು ಹೊರಗೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಅದನ್ನು ಮುಟ್ಟಬೇಡಿ, ಅದರ ಕೆಮಿಕಲ್ಲೇ ಬೇರೆ. ಕರಗಿ ಉಂಡೆಯಾದರೆ ನೈಲಾನ್ ಥರದ್ದು, ಧೈರ್ಯವಾಗಿ ಮಾಡಿ.

ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಆಫೀಸಿನವರನ್ನು ಕೇಳಿ ಕಾಫಿ ಮಷೀನ್ ಮುಂದಿನ ಟೈಲ್ ಎರಡು, ಬಾಗಿಲ ಹತ್ತಿರದ್ದು ಎರಡು ಕಿತ್ತುಕೊಳ್ಳಿ. ಬದಲಿಗೆ ಅವರ ಸ್ಟೋರ್‌ನಲ್ಲಿ ಸ್ಪೇರ್ ಇರುತ್ತದೆ. ಆ ನಾಲ್ಕನ್ನೂ ಗಾಡಿಯಲ್ಲಿ ಹಾಕಿಕೊಂಡು ಡೀಲರ್ ಹತ್ತಿರ ಹೋಗಿ. ಅವರು ಇಟ್ಟಿರುವ ಡೆಮೊ ಕಾರ್ಪೆಟ್ ಬೇಡ, ಇದರ ಮೇಲೆ ಓಡಿಸಿ ತೋರಿಸಿ ಅನ್ನಿ. ಪ್ರತಿ ಜೋಡಿಯಲ್ಲಿ ಒಂದನ್ನು ಮಾತ್ರ ಕ್ಲೀನ್ ಮಾಡಿಸಿ, ಎಲ್ಲವನ್ನೂ ಮನೆಗೆ ತಂದು ಎರಡು ದಿನ ಬಿಟ್ಟು ವ್ಯಾಕ್ಯೂಮ್ ಮಾಡಿ, ಬಿಸಿಲಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ಫೋಟೋ ಇಲ್ಲಿ ಹಾಕಿದರೆ ನನಗೆ ಕಂಡಿದ್ದು ಹೇಳುತ್ತೇನೆ.