ವಯಸ್ಸಾದ ಅಪ್ಪ-ಅಮ್ಮನ ಜೊತೆ ಕಬಿನಿ ಸಫಾರಿ: ಹುಲಿ ಕಾಣೋಕೆ ಶೇರ್ಡ್ ಕ್ಯಾಂಟರ್ ಸಾಕಾ, ಜಾಸ್ತಿ ದುಡ್ಡು ಕೊಟ್ಟು ಜೀಪ್ ತಗೋಬೇಕಾ?

ನಿಮ್ಮ ಪ್ರಶ್ನೇಲಿ ಕ್ಯಾಂಟರಾ (ತುಂಬಾ ಜನ ಒಟ್ಟಿಗೆ ಕೂರೋ ದೊಡ್ಡ ಸಫಾರಿ ಗಾಡಿ) ಜೀಪಾ ಅನ್ನೋದೇ ಮುಕ್ಕಾಲು ಭಾಗ ಇದೆ, ಅಪ್ಪಂಗೆ ಎಪ್ಪತ್ತು ದಾಟಿದೆ, ಅಮ್ಮಂಗೆ ಮಂಡಿ ನೋವು ಅಂತ ಕೊನೇಲಿ ಒಂದೇ ಸಾಲಲ್ಲಿ ಮುಗಿಸಿದ್ದೀರ. ನಾನೂ ಹೋಗೋ ಮುಂಚೆ ಥೇಟ್ ಹಿಂಗೇ ಯೋಚನೆ ಮಾಡಿದ್ದೆ. ಗಾಡಿ ಯಾವುದು, ಟೈಮ್ ಯಾವುದು, ಲೆನ್ಸ್ ಯಾವುದು ಅಂತ ವಾರಗಟ್ಟಲೆ ತಲೆ ಕೆಡಿಸ್ಕೊಂಡೆ, ಅಮ್ಮ ಎಲ್ಲಿ ಕೂರ್ತಾರೆ ಅಂತ ಒಂದು ನಿಮಿಷ ಯೋಚನೆ ಮಾಡ್ಲಿಲ್ಲ.

ನಮ್ಮಮ್ಮನ ತವರು ಸರಗೂರು ಕಡೆ. ಕಾಡಂಚಿನ ಊರು. ಹುಲಿ ಅಂದ್ರೆ ಅವರಿಗೆ ಕೊಟ್ಟಿಗೆಯಿಂದ ಹಸು ಹೊತ್ಕೊಂಡು ಹೋಗೋದು, ಬೆಳಿಗ್ಗೆ ಗಂಡಸರೆಲ್ಲ ದೊಣ್ಣೆ ಹಿಡ್ಕೊಂಡು ಹುಡುಕೋಕೆ ಹೋಗೋದು, ಹೆಂಗಸರು ಮಕ್ಕಳನ್ನ ಒಳಗೆ ಹಾಕಿ ಬಾಗಿಲು ಹಾಕ್ಕೊಳ್ಳೋದು. ಕಾಕನಕೋಟೆ ಖೆಡ್ಡಾ ನೋಡೋಕೆ ಚಿಕ್ಕವರಿದ್ದಾಗ ಗಾಡಿ ಕಟ್ಟಿಸ್ಕೊಂಡು ಹೋಗಿದ್ರಂತೆ, ಕಾಡಾನೆ ಹಿಂಡನ್ನ ಅಟ್ಟಿಸ್ಕೊಂಡು ಬಂದು ದೊಡ್ಡಿಯೊಳಗೆ ಕೂಡೋದನ್ನ ಕಣ್ಣಾರೆ ನೋಡಿದವರು (ಕೊನೇ ಖೆಡ್ಡಾ ಆಗಿದ್ದು 1971ರಲ್ಲಿ, ಆಮೇಲೆ 1974ರಲ್ಲಿ ಕಬಿನಿ ಅಣೆಕಟ್ಟು ಆಗಿ ಆ ಕಡೆ ಎಷ್ಟೋ ಜಾಗ ನೀರೊಳಗೆ ಹೋಯ್ತು). ಆನೆ, ಕಾಟಿ, ಸೀಳುನಾಯಿ ಎಲ್ಲ ನೋಡಿದ್ದಾರೆ. ಹುಲಿ ಹೆಜ್ಜೆ ನೋಡಿದ್ದಾರೆ, ಹುಲಿ ತಿಂದ ಹಸು ನೋಡಿದ್ದಾರೆ. ಹುಲಿ ಮಾತ್ರ ನೋಡಿಲ್ಲ. "ಒಂದ್ಸಲ ನೋಡ್ಬೇಕು ಮಗ, ಅದೆಂಗದೆ ಅಂತ" ಅಂತ ಟೀವೀಲಿ ಕಾಡು ಬಂದಾಗೆಲ್ಲ ಅನ್ನೋರು.

ಅದಕ್ಕೇ ಕರ್ಕೊಂಡು ಹೋಗಿದ್ದು. ಏಪ್ರಿಲ್ ತಿಂಗಳು, ಹಿನ್ನೀರು ಇಳಿದು ಹಸಿ ಹುಲ್ಲು ಬಂದಿರುತ್ತೆ, ಆನೆ ಹಿಂಡು ಹಿಂಡಾಗಿ ಅಲ್ಲಿಗೆ ಇಳಿಯುತ್ತೆ, ಒಳಗಡೆ ಲಂಟಾನ ಪೊದೆ ಒಣಗಿ ಸ್ವಲ್ಪ ದೂರ ಕಣ್ಣು ಹಾಯುತ್ತೆ, ಹುಲಿ ಬಿಸಿಲಿಗೆ ಕೆರೆ ಹುಡ್ಕೊಂಡು ಬರುತ್ತೆ. ಕಾಲ ಸರಿಯಾಗೇ ಆರಿಸಿದ್ದೆ. ಮೈಸೂರು, ಹ್ಯಾಂಡ್‌ಪೋಸ್ಟ್, ಅಂತರಸಂತೆ ದಾಟಿ ಸಫಾರಿ ಹೊರಡೋ ದಮ್ಮನಕಟ್ಟೆಗೆ ಬೇಗನೇ ತಲುಪಿದ್ವಿ, ಕ್ಯಾಂಟರಲ್ಲಿ ಮುಂದಿನ ಸೀಟೇ ಸಿಕ್ತು. ಇಲ್ಲಿವರೆಗೂ ಏನೂ ತಪ್ಪಿರಲಿಲ್ಲ.

ಬೆಂಗಳೂರಿಂದ ಒಂದು 150-600 ಲೆನ್ಸ್ (ದೂರದ್ದನ್ನ ಹತ್ತಿರಕ್ಕೆ ಎಳೆದು ತೋರಿಸೋ ದೊಡ್ಡ ಝೂಮ್ ಲೆನ್ಸ್) ಬಾಡಿಗೆಗೆ ತಂದಿದ್ದೆ. ಹತ್ತೋವಾಗ ಅಮ್ಮ "ನೀನೇ ಮುಂದೆ ಕೂತ್ಕೊ ಮಗ, ನಿಂಗೆ ಕ್ಯಾಮೆರಾ ಐತೆ" ಅಂದ್ರು. ನಾನು ಕೂತೆ. ಆ ಒಂದು ಕ್ಷಣ ಇದೆಯಲ್ಲ, ಅದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮ್ಮಮ್ಮನೂ ಇದನ್ನೇ ಹೇಳ್ತಾರೆ, ಬರೆದಿಟ್ಕೊಳ್ಳಿ. ಅಮ್ಮಂದಿರು ಒಳ್ಳೇದನ್ನ ಮಕ್ಕಳಿಗೆ ಬಿಟ್ಟುಕೊಡೋದು ಅಭ್ಯಾಸದಿಂದ, ಅದು ಅವರ ಆಸೆ ಅಂತ ನಾವು ತಗೋಬಾರದು. ನಾನು ತಗೊಂಡೆ. ಲೆನ್ಸ್ ಬಾಡಿಗೆ ಕೊಟ್ಟಿದ್ದೀನಿ, ಗೇಟಲ್ಲಿ ದೊಡ್ಡ ಲೆನ್ಸ್‌ಗೆ ಅಂತ ಬೇರೆ ಶುಲ್ಕ ಕಟ್ಟಿದ್ದೀನಿ, ಫೋಟೋ ಬಂದ್ರೆ ಅಮ್ಮಂಗೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಡ್ತೀನಿ ಅಂತ ನನ್ನೊಳಗೆ ಒಂದು ಲೆಕ್ಕ. ಅಮ್ಮ ನನ್ನ ಹಿಂದಿನ ಸಾಲಲ್ಲಿ ಕೂತ್ರು. ಅವರು ಎತ್ತರ ಇಲ್ಲ, ಮಂಡಿ ನೋವಿಗೆ ತಟ್ಟಂತ ಏಳೋಕೂ ಆಗಲ್ಲ.

ಮೊದಲ ಒಂದು ಗಂಟೆ ಜಿಂಕೆ, ನವಿಲು, ಒಂದು ಒಂಟಿ ಸಲಗ. ಅಮ್ಮ ಖುಷಿಯಾಗೇ ಇದ್ರು, ಮತ್ತಿ, ದಿಂಡಿಗ, ಬೂರುಗ ಅಂತ ಒಂದೊಂದು ಮರದ ಹೆಸರನ್ನೂ ಪಕ್ಕದಲ್ಲಿ ಕೂತಿದ್ದ ಯಾರೋ ಹುಡುಗೀಗೆ ಹೇಳ್ತಾ ಇದ್ರು. ನಾನು ಒಣಮರದ ಮೇಲೆ ಕೂತಿದ್ದ ಒಂದು ಹದ್ದಿನ ಫೋಟೋ ತೆಗೀತಾ ಲೆನ್ಸನ್ನ ಪೂರ್ತಿ 600ಕ್ಕೆ ಎಳೆದಿದ್ದೆ, ಹಂಗೇ ಬಿಟ್ಟಿದ್ದೆ.

ಆಮೇಲೆ ಕಡವೆ ಕೂಗ್ತು. ಜಿಂಕೆ ಸುಮ್ಮಸುಮ್ಮನೆನೂ ಗಾಬರಿ ಬೀಳುತ್ತೆ, ಕಡವೆ ಹಂಗಲ್ಲ, ಅದು ಕಾಲು ನೆಲಕ್ಕೆ ಬಡಿದು "ಢಾಂಕ್" ಅಂತ ಮತ್ತೆ ಮತ್ತೆ ಕೂಗಿದ್ರೆ ಏನೋ ಕಂಡಿದೆ ಅಂತಾನೇ ಅರ್ಥ. ಮರದ ಮೇಲಿನ ಮುಸುವನೂ ಖೊಕ್ ಖೊಕ್ ಶುರು ಮಾಡ್ತು, ಅದು ಮೇಲಿಂದ ನೋಡ್ತಿರೋದ್ರಿಂದ ಅದರ ಮುಖ ಯಾವ ಕಡೆ ಇದೆ ಅನ್ನೋದನ್ನ ಗೈಡ್‌ಗಳು ನೋಡ್ತಾರೆ. ನಮ್ಮ ಡ್ರೈವರ್ ಇಂಜಿನ್ ಆಫ್ ಮಾಡಿ ಕೈ ಎತ್ತಿದ್ರು, ಯಾರೂ ಮಾತಾಡಬೇಡಿ ಅಂತ. ಕ್ಯಾಂಟರ್ ತುಂಬಾ ಅಪರಿಚಿತರು, ಒಬ್ಬರೂ ಪಿಟಿಕ್ ಅನ್ನಲಿಲ್ಲ. ಕ್ಯಾಂಟರ್ ಅಂದ್ರೆ ಸಂತೆ ಅಂತ ಬೈಯೋರಿಗೆ ನಾನು ಇದನ್ನ ಯಾವಾಗ್ಲೂ ಹೇಳ್ತೀನಿ, ಒಳ್ಳೆ ಡ್ರೈವರ್ ಇದ್ರೆ ಮಕ್ಕಳು ಕೂಡ ಉಸಿರು ಬಿಗಿ ಹಿಡ್ಕೊಂಡು ಕೂರ್ತಾವೆ.

ಎಡಗಡೆ ಲಂಟಾನದಿಂದ ಹುಲಿ ಬಂತು. ಗಾಡಿಯಿಂದ ಇಪ್ಪತ್ತು ಅಡಿ ಇರಬಹುದು. ರಸ್ತೆ ಅಂಚಲ್ಲಿ ನಿಂತು ನಮ್ಮನ್ನ ನೋಡಿ, ದಾಟಿ, ಬಲಗಡೆ ತೇಗದ ಕಡೆ ಇಳಿದು ಹೋಯ್ತು, ಹತ್ತು ಸೆಕೆಂಡಿನ ಮಾತು. ನಾನು ಕೂತಲ್ಲಿಂದ ಕ್ಯಾಮೆರಾ ಎತ್ತಿದೆ, ಅಷ್ಟುದ್ದ ಲೆನ್ಸು ಪಕ್ಕದವರ ತಲೆಗೆ ಅಡ್ಡ ಬಂತು, ತಿರುಗಿಸೋಕೆ ಜಾಗ ಇಲ್ಲ, ಎದ್ದು ನಿಂತೆ. 600ರಲ್ಲಿ ಇಪ್ಪತ್ತು ಅಡಿ ದೂರದಲ್ಲಿ ಫ್ರೇಮೊಳಗೆ ಬರೋದು ಸುಮಾರು ಒಂದು ಅಡಿ ಜಾಗ. ಹುಲಿ ಎಲ್ಲಿದೆ ಅಂತಾನೇ ಸಿಗ್ತಿಲ್ಲ, ಬರೀ ಹಳದಿ, ಕಪ್ಪು, ಮತ್ತೆ ಎಲೆ. ಝೂಮ್ ಹಿಂದಕ್ಕೆ ತರೋಷ್ಟರಲ್ಲಿ ಬಾಲ ಪೊದೆಯೊಳಗೆ ಹೋಗ್ತಿತ್ತು. ಕಣ್ಣಿಂದ ಕ್ಯಾಮೆರಾ ತೆಗೆದಿದ್ರೆ ನಾನಾದ್ರೂ ನೋಡಿರ್ತಿದ್ದೆ, ಅದೂ ಆಗ್ಲಿಲ್ಲ.

ಹಿಂದಿಂದ ಅಮ್ಮ ಕೇಳಿದ್ರು, "ಹೋಯ್ತಾ ಮಗ?"

ಗಾಡೀಲಿ ಎಲ್ಲರೂ ಒಬ್ಬರಿಗೊಬ್ಬರು ಕೈ ಕುಲುಕ್ತಾ ಇದ್ರು. ಎರಡು ಸಾಲು ಹಿಂದೆ ಕೂತಿದ್ದ ಕಾಲೇಜು ಹುಡುಗ ಒಬ್ಬ ಮೊಬೈಲಲ್ಲಿ ವಿಡಿಯೋ ಮಾಡಿದ್ದ, ಪಾಪ ಅವನೇ ಬಂದು "ಆಂಟಿಗೆ ತೋರಿಸಿ ಸರ್" ಅಂತ ನನ್ನ ನಂಬರ್ ತಗೊಂಡ. ರಾತ್ರಿ ರೂಮಲ್ಲಿ ನೋಡಿದೆ. ಅದ್ರಲ್ಲಿ ಹುಲಿ ಕಾಣುತ್ತೆ ಸ್ವಲ್ಪ. ಮಧ್ಯದಲ್ಲಿ ನನ್ನ ಬೆನ್ನು. ನನ್ನ ಬೆನ್ನಿನ ಹಿಂದೆ ಅಮ್ಮನ ತಲೆ ಒಂದ್ಸಲ ಎಡಕ್ಕೆ ಬಾಗುತ್ತೆ, ಒಂದ್ಸಲ ಬಲಕ್ಕೆ ಬಾಗುತ್ತೆ, ಹಿಡಿ ಹಿಡ್ಕೊಂಡು ಏಳೋಕೆ ನೋಡಿ ಆಗದೆ ಕೂತ್ಕೊಳ್ತಾರೆ. ನನ್ನ ಸೊಂಟ ಹಿಡಿದು ಎಳೆದಿದ್ರೆ ನಾನು ಕೂತಿರ್ತಿದ್ದೆ, "ಕೂತ್ಕೊಳೋ" ಅಂದಿದ್ರೂ ಸಾಕಿತ್ತು. ಮಗನ ಫೋಟೋ ಕೆಡುತ್ತೆ ಅಂತ ಅದನ್ನೂ ಮಾಡ್ಲಿಲ್ಲ ಅವರು.

ಆಮೇಲೆ ಅವರ ಮಂಡಿ ಪೂರ್ತಿ ಕೆಡ್ತು, ಈಗ ಕ್ಯಾಂಟರ್ ಮೆಟ್ಟಿಲು ಹತ್ತೋ ಹಾಗಿಲ್ಲ, ಆ ರಸ್ತೆ ಕುಲುಕಾಟ ತಡ್ಕೊಳ್ಳೋ ಹಾಗೂ ಇಲ್ಲ. ನಾನು ಹೆಂಡತಿ ಮಗಳ ಜೊತೆ ಮತ್ತೆ ಹೋದಾಗ ಹುಲಿ ಹಿನ್ನೀರಿನ ದಡದಲ್ಲಿ ಆರಾಮಾಗಿ ಮಲಗಿತ್ತು, ಎಲ್ಲರೂ ಕೂತೇ ಎಷ್ಟೋ ಹೊತ್ತು ನೋಡಿದ್ವಿ. ಅಮ್ಮಂಗೆ ಬಂದು ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ, ಮಗಳೇ ಹೇಳಿದ್ಲು.

ಈಗ ನಿಮ್ಮ ಪ್ರಶ್ನೆ. ಜೀಪ್ ತಗೊಂಡ್ರೆ ಹುಲಿ ಕಾಣೋ ಚಾನ್ಸ್ ಜಾಸ್ತಿ ಅನ್ನೋದನ್ನ ನಾನು ಒಪ್ಪಲ್ಲ. ಎರಡೂ ಹೋಗೋದು ಅದೇ ಕಾಡಿಗೆ, ಅದೇ ಹೊತ್ತಿಗೆ, ಇಲಾಖೆ ಬಿಟ್ಟಿರೋ ದಾರೀಲೇ. 2022ರ ಗಣತಿ ಪ್ರಕಾರ ಕರ್ನಾಟಕದಲ್ಲಿ 563 ಹುಲಿ, ಕಬಿನಿ ಸಫಾರಿ ನಡೆಯೋ ನಾಗರಹೊಳೇಲಿ 141, ಬಂಡೀಪುರದಲ್ಲಿ 150. ಕೇಳೋಕೆ ದೊಡ್ಡ ಸಂಖ್ಯೆ. ಆದ್ರೆ ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶ ಸುಮಾರು 1,205 ಚದರ ಕಿಲೋಮೀಟರ್ ಇದೆ, ಅದರ ಕೋರ್ ಭಾಗದಲ್ಲಿ (ಕಟ್ಟುನಿಟ್ಟಾಗಿ ಕಾಪಾಡೋ ಒಳಗಿನ ಕಾಡು) ಪ್ರವಾಸಕ್ಕೆ ಬಿಡಬಹುದಾದ್ದು ನಿಯಮದ ಪ್ರಕಾರ ಹೆಚ್ಚಂದ್ರೆ ಶೇಕಡಾ 20. ನೀವು ಸುತ್ತೋದು ಆ ತುಣುಕಿನ ರಸ್ತೆಗಳಲ್ಲಿ ಮಾತ್ರ, ಆ ಸಂಜೆ ಆ ರಸ್ತೆಗೆ ಹುಲಿ ಬರಬೇಕು ಅಷ್ಟೇ. ಅದು ಗಾಡಿ ಚಿಕ್ಕದಾ ದೊಡ್ಡದಾ ನೋಡ್ಕೊಂಡು ಬರಲ್ಲ. ಜೀಪಲ್ಲಿ ಜನ ಕಮ್ಮಿ, ತಿರುಗೋಕೆ ಸಲೀಸು, ಅದು ನಿಜ. ಆದ್ರೆ ಜೀಪ್ ಅಂದ್ರೂ ಸಾಮಾನ್ಯವಾಗಿ ಸೀಟಿನ ಲೆಕ್ಕಾನೇ, ಪೂರ್ತಿ ನಿಮಗೇ ಬೇಕು ಅಂದ್ರೆ ದುಡ್ಡು ಎಲ್ಲೋ ಹೋಗುತ್ತೆ. ಅದೇ ದುಡ್ಡಲ್ಲಿ ಸಂಜೆ ಒಂದು, ಮಾರನೇ ಬೆಳಿಗ್ಗೆ ಇನ್ನೊಂದು ಸಫಾರಿ ಮಾಡಿ. ಕಾಡೊಳಗೆ ಇರೋ ಹೊತ್ತು ಜಾಸ್ತಿ ಆದ್ರೆ ಮಾತ್ರ ಚಾನ್ಸ್ ಜಾಸ್ತಿ ಆಗೋದು. ನನ್ನ ಕೇಳಿದ್ರೆ ಕ್ಯಾಂಟರೇ ತಗೊಳ್ಳಿ.

ಆದ್ರೆ ಅಪ್ಪ-ಅಮ್ಮನ್ನ ಮುಂದಿನ ಸಾಲಲ್ಲಿ ಕೂರಿಸಿ, ಅಂಚಿನ ಸೀಟಲ್ಲಿ. ಅವರು ಬೇಡ ಅಂತಾರೆ, ಕೇಳಬೇಡಿ. ಕೊನೇ ಸಾಲಂತೂ ಬೇಡವೇ ಬೇಡ, ಹಿಂದಿನ ಚಕ್ರದ ಮೇಲೆ ಕೂತ್ರೆ ಒಂದೊಂದು ಗುಂಡಿಗೂ ಬೆನ್ನು ಎತ್ತಿ ಹಾಕುತ್ತೆ. ನೀವು ಅವರ ಹಿಂದೆ ಕೂತ್ಕೊಳ್ಳಿ. ಹತ್ತಿದ ತಕ್ಷಣ, ಹುಲಿ ಬರೋ ಮುಂಚೆನೇ, "ಯಾರೂ ಎದ್ದು ನಿಲ್ಲೋದು ಬೇಡ, ವಯಸ್ಸಾದವರಿದ್ದಾರೆ, ಮಕ್ಕಳಿದ್ದಾರೆ" ಅಂತ ಗಾಡೀಲಿ ಇರೋರಿಗೆಲ್ಲ ಒಂದು ಮಾತು ಹೇಳಿಬಿಡಿ, ಡ್ರೈವರ್ ಬಾಯಿಂದ ಹೇಳಿಸಿದ್ರೆ ಇನ್ನೂ ಒಳ್ಳೇದು. ಹುಲಿ ಬಂದ ಮೇಲೆ ಹೇಳಿದ್ರೆ ಯಾರ ಕಿವಿಗೂ ಬೀಳಲ್ಲ, ನನ್ನ ಕಿವಿಗೆ ಏನೂ ಬಿದ್ದಿರ್ಲಿಲ್ಲ.

ಕ್ಯಾಮೆರಾ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ದೊಡ್ಡ ಲೆನ್ಸ್ ಬೇಡ. ಅಪ್ಪ-ಅಮ್ಮನ ಜೊತೆ ಹೋಗೋ ಸಲ ಬೇಡ. ನೀವೊಬ್ಬರೇ ಹೋಗೋ ಸಲ ಏನು ಬೇಕಾದ್ರೂ ತಗೊಂಡು ಹೋಗಿ. ಒಂದು ಬೈನಾಕ್ಯುಲರ್ ತಗೊಂಡು ಅವರ ಕೊರಳಿಗೆ ಹಾಕಿ, ಹಿನ್ನೀರಿನ ಆಚೆ ದಡದ ಆನೆ ನೋಡೋಕೆ ಅದು ತುಂಬಾ ಚೆನ್ನಾಗಿರುತ್ತೆ. ಮೊಬೈಲೂ ಹೊರಗೆ ತೆಗೀಬೇಡಿ, ಹುಲಿ ಸಂರಕ್ಷಿತ ಪ್ರದೇಶಗಳ ಕೋರ್ ಭಾಗದ ಪ್ರವಾಸಿ ವಲಯದಲ್ಲಿ ಮೊಬೈಲ್ ಬಳಸೋ ಹಾಗಿಲ್ಲ ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಇನ್ನೊಂದು ಮುಖ್ಯ ವಿಷ್ಯ. ಅದೇ 2025ರ ನವೆಂಬರ್‌ನಲ್ಲಿ ಸರಗೂರು ಕಡೆ ಹುಲಿ ದಾಳೀಲಿ ರೈತರು ಸತ್ತ ಮೇಲೆ ನಾಗರಹೊಳೆ, ಬಂಡೀಪುರ ಎರಡೂ ಕಡೆ ಸಫಾರಿ ನಿಲ್ಲಿಸಿದ್ರು. ಸಫಾರಿ ನಿಂತಿದ್ದಕ್ಕೆ ಬುಕಿಂಗ್ ಹಾಳಾಯ್ತು ಅಂತ ಕೂಗಾಡಿದವರು ತುಂಬಾ ಜನ, ನಂಗೆ ಅದು ತುಂಬಾ ಬೇಜಾರಾಯ್ತು. ಅಮ್ಮನ ತವರಿನ ಕಡೆಯವರು ಆಗ ಹೊಲಕ್ಕೆ ಹೋಗೋಕೇ ಹೆದರ್ತಿದ್ರು, ಹತ್ತಿ ಬಿಡಿಸೋಕೆ ಆಳು ಬರ್ತಿರಲಿಲ್ಲ. ನಾವು ರಜಕ್ಕೆ ಹೋಗಿ ನೋಡೋ ಹುಲಿ ಜೊತೆ ಅವರು ವರ್ಷಪೂರ್ತಿ ಬದುಕಬೇಕು. ಅದಕ್ಕೆ ರೂಮಿಗೆ ದುಡ್ಡು ಕಟ್ಟೋ ಮುಂಚೆ ಆ ದಿನಗಳಲ್ಲಿ ಸಫಾರಿ ಇದೆಯಾ ಅಂತ ಅರಣ್ಯ ಇಲಾಖೆಯಲ್ಲೇ ಕೇಳಿ ಖಚಿತ ಮಾಡ್ಕೊಳ್ಳಿ, ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರೋ ಕಡೆ ಮಾತ್ರ ರೂಮ್ ಮಾಡಿ. ನಿಂತಿದ್ರೆ ಬೇರೆ ತಿಂಗಳು ಹೋಗಿ. ನಮ್ಮ ಕಡೆ ಮಧ್ಯಪ್ರದೇಶದ ಕಾನ್ಹಾ, ಬಾಂಧವಗಢದ ಥರ ಮಳೆಗಾಲದಲ್ಲಿ ಮೂರು ತಿಂಗಳು ಮುಚ್ಚೋ ಪದ್ಧತಿ ಇಲ್ಲ, ಆದ್ರೆ ನಿಮ್ಮ ಅಪ್ಪ-ಅಮ್ಮಂಗೆ ಅಂದ್ರೆ ಮಾರ್ಚಿಂದ ಮೇ ಒಳಗೇ ಒಳ್ಳೇದು. ಸೆಕೆ ಇರುತ್ತೆ, ಪರವಾಗಿಲ್ಲ. ಹುಲಿ ಬರದೇ ಇದ್ರೂ ಆನೆ ಅಂತೂ ಸಿಗುತ್ತೆ.

ನಿಮ್ಮಮ್ಮನ ಮಂಡಿ ವಿಷ್ಯ: ಕ್ಯಾಂಟರ್ ಮೊದಲ ಮೆಟ್ಟಿಲು ನೆಲದಿಂದ ಎತ್ತರ ಇರುತ್ತೆ, ಹತ್ತೋದಕ್ಕಿಂತ ಇಳಿಯೋದು ಕಷ್ಟ. ಅಲ್ಲಿ ಸ್ಟೂಲ್ ಇರುತ್ತೆ ಅಂತ ನಂಬ್ಕೊಂಡು ಹೋಗಬೇಡಿ, ಮನೇಲಿರೋ ಒಂದು ಗಟ್ಟಿ ಪ್ಲಾಸ್ಟಿಕ್ ಸ್ಟೂಲ್ ಕಾರಿಗೆ ಹಾಕ್ಕೊಳ್ಳಿ. ಹೊರಡೋ ಮುಂಚೆ ಇಬ್ಬರನ್ನೂ ಟಾಯ್ಲೆಟ್‌ಗೆ ಕಳಿಸಿ, ಒಳಗೆ ಹೋದ ಮೇಲೆ ಯಾರನ್ನೂ ಕೆಳಗೆ ಇಳಿಸಲ್ಲ.